ಬ್ಯೂಟಿ ಪಾರ್ಲರಿನ ಸಂತ ರೋಕ್

ಚಾಂಗ್‌ಹ್ವಾ, ತೈವಾನ್
೮ ಮಾರ್ಚ್ ೧೯೯೮, ಭಾನುವಾರ

ತೋತೋ,

ಊರವರೆಲ್ಲ ನಿನ್ನನ್ನು ಫಾದರ್ ತಿಯೊದುಲೊ ಎನ್ನುತ್ತಾರೆ. ಹೆತ್ತ ನಾನಾಯ್ ಕೂಡ ಈಗೀಗ ನಿನ್ನ ಕೈಗೆ ಮುತ್ತಿಟ್ಟೇ ಮಾತಾಡಿಸುತ್ತಾಳಂತೆ. ನಾನು ನಿನ್ನ ಮೂಗು ಒರೆಸಿ ಬೆಳೆಸಿದ ಅಕ್ಕ, ನಿನ್ನ ಮನಾಂಗ್. ನನ್ನ ಬಾಯಲ್ಲಿ ನೀನು ತೋತೋ, ಅಷ್ಟೇ. ಇಲ್ಲಿ ಎಲ್ಲರೂ ಉಸಿರಾಡಿಕೊಂಡಿದ್ದೇವೆ. ಅದಕ್ಕಿಂತ ಹೆಚ್ಚಿನ ಕ್ಷೇಮಸಮಾಚಾರಕ್ಕೆ ಈಗ ಪುರುಸೊತ್ತಿಲ್ಲ.

ನನಗೆ ಸಾಕಾಗಿಹೋಗಿದೆ.

ವಾರಕ್ಕೊಂದು ಭಾನುವಾರ, ಅದೂ ಗಿರಣಿಯವರು ಓವರ್‌ಟೈಮ್ ಹಾಕದಿದ್ದರೆ. ಬಸ್ಸು ಹತ್ತಿ ಪಟ್ಟಣದ ಇಗರ್ಜಿಗೆ ಹೋಗುತ್ತೇವೆ. ಪೂಜೆ ಪೂರ್ತಿ ಚೀನೀ ಭಾಷೆಯಲ್ಲಿ. ನಾಲ್ಕು ವರ್ಷ ಕೇಳಿ ಕೇಳಿ ನನಗೆ ಅರ್ಥವಾಗಿರುವುದು ಒಂದೇ ಮಾತು, ಆಮೆನ್. ಪೂಜೆ ಮುಗಿದ ಮೇಲೆ, ನಮ್ಮ ದೇಶದಿಂದ ಈ ಗಿರಣಿಗೆ ಬಂದ ನಾವು ನಲವತ್ತಮೂರು ಮಂದಿ ಅಂಗಳದ ನಲ್ಲಿಯ ಪಕ್ಕ ಕೂತು ಬುತ್ತಿ ಬಿಚ್ಚುತ್ತೇವೆ. ಅನ್ನ, ಒಣಮೀನು, ವಿನೆಗರ್. ಇವತ್ತು ಅಲ್ಲಿಯ ಮಹಿಳಾ ಸಮಿತಿಯ ಹೆಂಗಸೊಬ್ಬಳು ನಗುತ್ತ ಬಂದು, ಸೊಂಟ ಬಗ್ಗಿಸಿ ನಮಸ್ಕರಿಸಿ, ಅಂಗಳ ತೊಳೆದಿದ್ದೇವೆ, ಮೀನಿನ ವಾಸನೆ ಹೋಗುವುದಿಲ್ಲ, ದಯವಿಟ್ಟು ಹೊರಗೆ ಎಂದಳು. ಬೈದಿದ್ದರೆ ನಾನೂ ಬೈಯುತ್ತಿದ್ದೆ. ನಗುವವರ ಹತ್ತಿರ ಜಗಳ ಹೇಗೆ ಆಡುವುದು, ಹೇಳು. ಬುತ್ತಿ ಎತ್ತಿಕೊಂಡು ರಸ್ತೆಗೆ ಬಂದೆವು. ಬಸ್ಸು ನಿಲ್ಲುವಲ್ಲಿ ಪೊಲೀಸನೊಬ್ಬ ಒಬ್ಬೊಬ್ಬರದೇ ಗುರುತಿನ ಚೀಟಿ ಕೇಳಿದ. ಬಟ್ಟೆಗೆ ಬಣ್ಣ ಅದ್ದುವ ವಿಭಾಗದಲ್ಲಿ ಮನೋಂಗ್ ಅಬುಂದಿಯೊ ಎಂದು ಒಬ್ಬನಿದ್ದಾನೆ. ಇಲೋಕೋಸ್ ಕಡೆಯವನು, ನಮಗೆಲ್ಲ ಹಿರಿಯ, ಅದಕ್ಕೇ ಮನೋಂಗ್. ಅವನು ಫುಟ್‌ಪಾತಿನ ಮೇಲೆ ಕೂತು ಮೀನು ಮುಗಿಸಿ, ಬೆರಳು ನೆಕ್ಕಿ, ಆಮೇಲೆ ಚೀಟಿ ತೋರಿಸಿದ. "ನಾನು ದುಡಿಯೋಕೆ ಬಂದವನು, ಹಸ್ಕೊಂಡಿರೋಕಲ್ಲ," ಎಂದ. ಆ ಮುದುಕ ಬಾಯಿ ತೆರೆದರೆ ನನಗೆ ತಲೆನೋವು. ಇವತ್ತು ಮಾತ್ರ ಅವನ ಮಾತು ಸರಿ ಎನಿಸಿತು.

ಬಸ್ಸಿನಲ್ಲೇ ತೀರ್ಮಾನ ಮಾಡಿದೆವು. ಗಿರಣಿಯ ಹಿಂದಿನ ಗೇಟಿನ ಎದುರು ಸ್ಕೂಟರ್ ರಿಪೇರಿ ಅಂಗಡಿಯಿದೆ. ಅದರ ಮೇಲಿನ ಮಹಡಿ ಖಾಲಿ. ಮೊದಲು ಬ್ಯೂಟಿ ಪಾರ್ಲರ್ ಆಗಿತ್ತು. ಮೂರು ಗೋಡೆಗೂ ಕನ್ನಡಿ, ತಲೆ ತೊಳೆಯುವ ನಾಲ್ಕು ಬೇಸಿನ್ನು. ಮಾಲಕಿ ಲಿನ್ ಎನ್ನುವ ಮುದುಕಿ ಕನ್ನಡಿ ತೆಗೆಯಲು ಒಪ್ಪುತ್ತಿಲ್ಲ, ನೀವು ಬಿಟ್ಟ ಮೇಲೆ ಮತ್ತೆ ಪಾರ್ಲರಿನವರೇ ಬಂದರೆ ಎನ್ನುತ್ತಾಳೆ. ಇರಲಿ. ಅದನ್ನು ನಮ್ಮ ಪ್ರಾರ್ಥನಾ ಮಂದಿರ ಮಾಡಿಕೊಳ್ಳುತ್ತೇವೆ. ಬಾಡಿಗೆಗೆ ಎಲ್ಲರೂ ಕೈ ಸೇರಿಸಿದ್ದಾರೆ, ಆ ಚಿಂತೆ ನಿನಗೆ ಬೇಡ.

ನೀನು ಧರ್ಮಾಧ್ಯಕ್ಷರ ಕಚೇರಿಯಲ್ಲಿ ಇರುವವನು. ಇಲ್ಲಿಯ ಮುದಿ ಗುರುಗಳಿಗೆ ನಿಮ್ಮ ಭಾಷೆಯಲ್ಲಿ ಒಂದು ಕಾಗದ ಬರೆ. ನನಗೆ ಉದ್ದ ಉತ್ತರ ಬೇಡ. "ಸರಿ, ಮಾಡು" ಎಂದರೆ ಸಾಕು.

ನಿನ್ನ ಮನಾಂಗ್,
ಮಿನಿಯಾ


ಇಲೋಇಲೋ
೨೭ ಮಾರ್ಚ್ ೧೯೯೮

ಪ್ರೀತಿಯ ಮನಾಂಗ್,

ನಿನ್ನ ಪತ್ರ ತಲುಪಿತು. ನಿಮ್ಮ ಭಕ್ತಿ ಮೆಚ್ಚತಕ್ಕದ್ದು. ಆದರೆ ಭಕ್ತಿ ಬೇರೆ, ಕ್ರಮ ಬೇರೆ.

ಮೊದಲಿಗೆ, ಅದನ್ನು ಪ್ರಾರ್ಥನಾ ಮಂದಿರ ಎಂದು ಕರೆಯಬೇಡ. ಹಾಗೆ ಕರೆಯಬೇಕಾದರೆ ಅಲ್ಲಿಯ ಧರ್ಮಾಧ್ಯಕ್ಷರ ಲಿಖಿತ ಅಪ್ಪಣೆ ಬೇಕು. ಅವರ ಅಪ್ಪಣೆಗೆ ಧರ್ಮಕೇಂದ್ರದ ಗುರುಗಳ ಶಿಫಾರಸು ಬೇಕು. ಅವರ ಶಿಫಾರಸಿಗೆ ನಿಮ್ಮ ಕಡೆಯಿಂದ ಅರ್ಜಿ ಬೇಕು. ಅರ್ಜಿಯ ಮಾದರಿಯೊಂದನ್ನು ಇದರ ಜೊತೆ ಇಟ್ಟಿದ್ದೇನೆ, ಮೂರು ಪ್ರತಿ ಮಾಡಿಸು. ಅಪ್ಪಣೆ ಬರುವ ತನಕ "ಕೂಡುವ ಕೋಣೆ" ಎನ್ನಿ. ಪರಮ ಪ್ರಸಾದವನ್ನು ಅಲ್ಲಿ ಇಡತಕ್ಕದ್ದಲ್ಲ. ಕನ್ನಡಿಗಳ ವಿಷಯ ನಾನು ಎಲ್ಲೂ ಓದಿಲ್ಲ. ಆದರೆ ಪ್ರಾರ್ಥನೆಯ ಹೊತ್ತಿಗೆ ಮನುಷ್ಯ ತನ್ನ ಮುಖವನ್ನೇ ನೋಡಿಕೊಳ್ಳುವುದು ಸರಿಯಲ್ಲ ಎಂದು ನಮ್ಮ ಕಚೇರಿಯ ಮುಖ್ಯಸ್ಥರಾದ ಮೊನ್ಸಿನ್ಯೋರ್ ಅಭಿಪ್ರಾಯಪಟ್ಟರು. ಬಟ್ಟೆ ಹೊದಿಸಿ.

ಗುರುಗಳಿಗೆ ಬರೆದಿದ್ದೇನೆ. ನಾನಾಯ್ ಚೆನ್ನಾಗಿದ್ದಾಳೆ. ನಿನ್ನ ಕರಾರು ನವೆಂಬರಿಗೆ ಮುಗಿಯುತ್ತದಲ್ಲ, ಆಮೇಲೆ ಬರುತ್ತೀಯೋ ಎಂದು ಕೇಳುತ್ತಿದ್ದಾಳೆ. ಕಳೆದ ಎರಡು ಪತ್ರದಲ್ಲೂ ನೀನು ಇದಕ್ಕೆ ಉತ್ತರ ಬರೆದಿಲ್ಲ.

ಕ್ರಿಸ್ತನಲ್ಲಿ ನಿನ್ನ ತಮ್ಮ,
ಫಾ. ತಿಯೊದುಲೊ


ಚಾಂಗ್‌ಹ್ವಾ
೧೯ ಏಪ್ರಿಲ್ ೧೯೯೮, ಭಾನುವಾರ

ತೋತೋ,

ನಾಲ್ಕಕ್ಷರ ಕೇಳಿದೆ, ನೀನು ನಾಲ್ಕು ಹಾಳೆ ಕಳಿಸಿದೆ. ಇರಲಿ, ಹೊಟ್ಟೆಪಾಡು. ಕನ್ನಡಿಗೆ ಬಟ್ಟೆ ಹೊದಿಸುವುದಕ್ಕೆ ಹೋದೆ. ಲಿನ್ ಮುದುಕಿ ಬಂದು, ಸತ್ತವರ ಮನೆ ಥರ ಕಾಣುತ್ತದೆ, ನನ್ನ ಕಟ್ಟಡಕ್ಕೆ ಅಪಶಕುನ ಎಂದು ಕಿತ್ತುಹಾಕಿದಳು. ಹಾಗಾಗಿ ನಾವು ನಲವತ್ತಮೂರು ಜನ ಪ್ರಾರ್ಥನೆಗೆ ಕೂತರೆ ಕನ್ನಡಿಯಲ್ಲಿ ನೂರೆಪ್ಪತ್ತು ಜನ ಕಾಣುತ್ತೇವೆ. ನಿಮ್ಮ ಕಚೇರಿಯ ವರದಿಗೆ ಒಳ್ಳೆಯ ಸಂಖ್ಯೆ, ಬರೆದುಕೊ.

ನಿನ್ನ ಪತ್ರ ಓದಿದ ಮುದಿ ಗುರುಗಳು ಅದನ್ನು ಮಡಿಸಿ ಜೇಬಿಗಿಟ್ಟರು. "ಕೂರೋಕೆ ಏನಾದ್ರೂ ಇದೆಯಾ ಅಲ್ಲಿ?" ಎಂದಷ್ಟೇ ಕೇಳಿದರು. ತಿಂಗಳಿಗೊಮ್ಮೆ ಬಂದು ಪೂಜೆ ಮಾಡುತ್ತಾರಂತೆ. ನೋಡು, ಇದು ಉತ್ತರ.

ಈಗ ನನ್ನ ಗೋಳು ಕೇಳು. ಯಾವ ಸಂತರನ್ನು ಇಡುವುದು ಎಂದು ಮೂರು ಭಾನುವಾರ ಸಭೆ ಕೂತೆವು. ನಮ್ಮ ಕಡೆಯವರಿಗೆ ಮೇಣದಬತ್ತಿಯ ಮಾತೆಯೇ ಆಗಬೇಕು. ಬಿಕೋಲ್‌ನವರು ತಮ್ಮ ಪೆನ್ಯಾಫ್ರಾನ್ಸಿಯಾ ಮಾತೆಯನ್ನು ಬಿಟ್ಟರೆ ಊಟ ಮಾಡುವುದಿಲ್ಲ ಎಂದರು. ಇಬ್ಬರೂ ಒಬ್ಬಳೇ, ಕ್ರಿಸ್ತನ ತಾಯಿಯೇ ಅಲ್ಲವೇ ಎಂದು ಕೇಳಿದ್ದಕ್ಕೆ ನನ್ನನ್ನೇ ನಾಸ್ತಿಕಳ ಹಾಗೆ ನೋಡಿದರು. ಮನೋಂಗ್ ಅಬುಂದಿಯೊ ಯಾರ ಪಕ್ಷವೂ ಅಲ್ಲ. ಯಾರು ಏನೆಂದರೂ ಬೇಡ ಎನ್ನುವುದೇ ಅವನ ಪಕ್ಷ. "ಇಷ್ಟು ಜಗಳ ಆಡೋರು ನೀವು, ನಿಮ್ಮನ್ನ ನೋಡಿ ಯಾವ ಸಂತ ಬರ್ತಾನೆ?" ಎಂದು ಸಭೆಯ ನಡುವೆ ಎದ್ದು ಹೋಗಿ ಕೆಳಗೆ ಸ್ಕೂಟರ್ ನೋಡುತ್ತ ನಿಂತ.

ಕೊನೆಗೆ ಊರಿಗೆ ಹಿಂತಿರುಗಿದ ಯಾರೋ ಹಾಸ್ಟೆಲಿನಲ್ಲಿ ಬಿಟ್ಟುಹೋದ ಸಂತ ರೋಕ್ ಸಿಕ್ಕಿದ. ಪ್ಲಾಸ್ಟರಿನವನು, ಒಂದು ಮೊಳ ಎತ್ತರ. ಪಕ್ಕದಲ್ಲಿರಬೇಕಾದ ನಾಯಿ ಮುರಿದುಹೋಗಿದೆ, ಪಾದದ ಹತ್ತಿರ ನಾಲ್ಕು ಪಂಜ ಮಾತ್ರ ಉಳಿದಿವೆ. ನಮ್ಮಲ್ಲಿ ಯಾರ ಊರಿಗೂ ಅವನು ಪಾಲಕನಲ್ಲ. ಹಾಗಾಗಿ ಯಾರಿಗೂ ತಕರಾರಿಲ್ಲ. ತಲೆ ತೊಳೆಯುವ ಬೇಸಿನ್ನಿನ ಮೇಲೆ ಹಲಗೆ ಹಾಸಿ ನಿಲ್ಲಿಸಿದ್ದೇವೆ.

ಬೆಂಚುಗಳನ್ನು ಅಬುಂದಿಯೊ ಮಾಡಿದ. ಗಿರಣಿಗೆ ಸಾಮಾನು ಇಟ್ಟು ಬರುವ ಮರದ ಹಲಗೆಚೌಕಟ್ಟು ಬಿಚ್ಚಿ, ಉಜ್ಜಿ, ಹತ್ತು ಬೆಂಚು. ಕೆಲಸ ಅಚ್ಚುಕಟ್ಟು. ಒಂದಕ್ಕೂ ಬೆನ್ನು ಇಲ್ಲ. ಹನ್ನೆರಡು ಗಂಟೆ ನಿಂತು ಕೆಲಸ ಮಾಡಿದ ಹೆಂಗಸರು ಎಲ್ಲಿ ಒರಗಬೇಕು ಎಂದರೆ, "ದೇವರ ಮುಂದೆ ಒರಗಿ ಕೂರ್ತಾರೇನು," ಎನ್ನುತ್ತಾನೆ. ಕೋಣನ ಮುಂದೆ ಕಿನ್ನರಿ. ಇವನ ಹೆಂಡತಿ ಇವನನ್ನು ಇಲ್ಲಿಗೆ ಕಳಿಸಿ ಅಲ್ಲಿ ಹಾಯಾಗಿ ಇರಬೇಕು.

ಮನಾಂಗ್ ಮಿನಿಯಾ


ಇಲೋಇಲೋ
೧೪ ಮೇ ೧೯೯೮

ಪ್ರೀತಿಯ ಮನಾಂಗ್,

ಒಂದು ವಿಷಯ ನೇರವಾಗಿ ಬರೆಯುತ್ತೇನೆ, ಸಿಟ್ಟಾಗಬೇಡ.

ನಿಮ್ಮ ಗಿರಣಿಯಿಂದ ಹಿಂತಿರುಗಿದ ಲಿಬ್ರಾದಾ ಎನ್ನುವ ಹೆಂಗಸು ಕಳೆದ ವಾರ ಕಚೇರಿಗೆ ಬಂದಿದ್ದಳು. ಗುರುಗಳು ಬಾರದ ಭಾನುವಾರಗಳಲ್ಲಿ ನೀನು ಶುಭಸಂದೇಶ ಓದಿ, ಓದಿದ ಮೇಲೆ ನಿಂತು ಪ್ರಬೋಧನೆಯನ್ನೂ ಮಾಡುತ್ತೀಯಂತೆ. ಅಲ್ಲಿ ನಿನಗೆ "ಪಾದ್ರಿ ಮಿನಿಯಾ" ಎಂದು ಹೆಸರಂತೆ. ಅವಳು ಇದನ್ನು ಮೆಚ್ಚುಗೆಯಿಂದಲೇ ಹೇಳಿದಳು. ದುರದೃಷ್ಟಕ್ಕೆ ಮೊನ್ಸಿನ್ಯೋರ್ ಪಕ್ಕದ ಮೇಜಿನಲ್ಲೇ ಇದ್ದರು. ಮಧ್ಯಾಹ್ನ ಊಟಕ್ಕೆ ಕೂತಾಗ ಎಲ್ಲರ ಮುಂದೆ, ನಿಮ್ಮ ಮನೆಯಲ್ಲಿ ಇಬ್ಬರು ಗುರುಗಳಿದ್ದೀರಂತೆ ಎಂದು ನಕ್ಕರು. ನಾನೂ ನಗಬೇಕಾಯಿತು.

ಮನಾಂಗ್, ಜಪಸರ ಹೇಳಿಸು, ಹಾಡಿಸು, ಯಾರೂ ಬೇಡ ಎನ್ನುವುದಿಲ್ಲ. ಪ್ರಬೋಧನೆ ನಿನ್ನ ಕೆಲಸವಲ್ಲ. ಅದಕ್ಕೆ ತರಬೇತಿ ಬೇಕು, ಅಧಿಕಾರ ಬೇಕು. ಅರ್ಜಿಯ ಮೂರು ಪ್ರತಿಗಳು ಏನಾದವು?

ನಿನ್ನ ತಮ್ಮ,
ಫಾ. ತಿಯೊದುಲೊ


ಚಾಂಗ್‌ಹ್ವಾ
೩೧ ಮೇ ೧೯೯೮

ಪೂಜ್ಯ ಫಾದರ್ ತಿಯೊದುಲೊ ಅವರಿಗೆ,

ಅರ್ಜಿಯ ಒಂದು ಪ್ರತಿಯನ್ನು ಕುಂಟುತ್ತಿದ್ದ ಬೆಂಚಿನ ಕಾಲಿಗೆ ಕೊಟ್ಟಿದ್ದೇನೆ. ಉಳಿದ ಎರಡು ಬೇಕಾದಾಗ ಉಪಯೋಗಕ್ಕೆ ಬರುತ್ತವೆ.

ನಾನು ಮಾಡುವುದು ಪ್ರಬೋಧನೆಯಲ್ಲ. ಓದಿದ ಮೇಲೆ ಯಾರೂ ಏಳುವುದಿಲ್ಲ. ಎದ್ದರೆ ಹಾಸ್ಟೆಲಿಗೆ ಹೋಗಬೇಕು. ಆಗ ಯಾರಾದರೂ ಏನಾದರೂ ಹೇಳಬೇಕಾಗುತ್ತದೆ. ಯಾರೂ ಬಾಯಿ ಬಿಡುವುದಿಲ್ಲ, ನಾನು ಬಿಡುತ್ತೇನೆ.

ತರಬೇತಿಯ ಮಾತು ಬಂದಿತಲ್ಲ. ಎರಡು ವರ್ಷ ಕನ್ಯಾಸ್ತ್ರೀಯರ ಮಠದಲ್ಲಿ ಇದ್ದು ಬಂದವಳು ನಾನು. ಏಕೆ ಬಂದೆ ಎಂಬುದು ನಿನಗೆ ಗೊತ್ತಿದೆ. ಅದನ್ನು ಕಾಗದದ ಮೇಲೆ ಹಾಕುವುದಿಲ್ಲ.

ಮೊನ್ಸಿನ್ಯೋರ್ ಜೊತೆ ನಗುತ್ತಿರು.

ಎರ್ಮಿನಿಯಾ ಗೆಲ್ವೆಸೋನ್


ಚಾಂಗ್‌ಹ್ವಾ
೨೦ ಸೆಪ್ಟೆಂಬರ್ ೧೯೯೮, ಭಾನುವಾರ

ತೋತೋ,

ನೀನು ಜೂನ್‌ನಿಂದ ಬರೆದ ಮೂರು ಪತ್ರವೂ ಬಂದಿವೆ. ಉತ್ತರ ಬರೆಯಲಿಲ್ಲ. ಈಗ ಬರೆಯುತ್ತಿರುವುದು ನಿನ್ನಿಂದ ಒಂದು ಕೆಲಸ ಆಗಬೇಕು ಎಂದು. ಅಪ್ಪಣೆ ಕೇಳುತ್ತಿಲ್ಲ.

ಮನೋಂಗ್ ಅಬುಂದಿಯೊ ತೀರಿಕೊಂಡರು.

ಹೋದ ತಿಂಗಳು ಗುರುಗಳು ಇಲ್ಲದ ಭಾನುವಾರಗಳಲ್ಲೆಲ್ಲ ನಮ್ಮಿಬ್ಬರಿಗೆ ಅದೇ ಬೆಂಚಿನ ಜಗಳ. ಈ ತಿಂಗಳ ಆರನೇ ತಾರೀಕು, ಭಾನುವಾರ, ಮಾತಿಗೆ ಮಾತು ಬೆಳೆಯಿತು. ಅವರು ನನ್ನನ್ನು ಸೋಮಾರಿಗಳ ಪಾದ್ರಿ ಎಂದರು. ನಾನು ಎಲ್ಲರ ಮುಂದೆ, "ಹಾಗಾದ್ರೆ ನೀವೇ ಬೇರೆ ಮಂದಿರ ಕಟ್ಕೊಂಡು ಅದರಲ್ಲಿ ಒಬ್ರೇ ನೆಟ್ಟಗೆ ಕೂತ್ಕೊಳ್ಳಿ ಮನೋಂಗ್," ಎಂದೆ. ಒಬ್ಬಿಬ್ಬರು ನಕ್ಕರು. ಅವರು ಟೋಪಿ ಹಾಕಿಕೊಂಡು ಇಳಿದು ಹೋದರು. ಆಮೇಲೆ ನಾಲ್ಕು ದಿನ ಕ್ಯಾಂಟೀನಿನಲ್ಲಿ ಎದುರಾದರೂ ಮುಖ ತಿರುಗಿಸುತ್ತಿದ್ದರು. ನಾನೂ ತಿರುಗಿಸಿದೆ.

ಗುರುವಾರ ಬೆಳಿಗ್ಗೆ ಹತ್ತು ಗಂಟೆಗೆ ನಾನು ಬಟ್ಟೆಯ ಗಾಡಿ ತಳ್ಳಿಕೊಂಡು ಬಣ್ಣದ ವಿಭಾಗಕ್ಕೆ ಹೋದೆ. ಅವರು ಬುಧವಾರ ಸಂಜೆಯಿಂದ ಬಿಡುವಿಲ್ಲದೆ ಎರಡು ಪಾಳಿ ನಿಂತಿದ್ದರು. ಅಲ್ಲಿಯ ಕುದಿ, ಹಬೆ ಹೇಗಿರುತ್ತದೆ ಎಂದು ನಿನಗೆ ಬರೆದು ತಿಳಿಸಲಾರೆ. ನನ್ನನ್ನು ಕಂಡು ಮುಖ ತಿರುಗಿಸಿದರು. ಹಾಗೆ ತಿರುಗಿದವರು ಹಾಗೇ ಕುಸಿದರು. ನಾನು ಹತ್ತು ಹೆಜ್ಜೆ ದೂರದಲ್ಲಿದ್ದೆ. ಓಡಿಹೋಗಿ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡೆ. ಅವರು ನನ್ನನ್ನು ನೋಡಿ "ದನುಮ್" ಎಂದರು. ಸ್ವಲ್ಪ ತಡೆದು ಮತ್ತೆ "ದನುಮ್" ಎಂದರು. ನಾವಿಲ್ಲಿ ಒಬ್ಬರಿಗೊಬ್ಬರು ಆಡುವುದು ತಗಾಲೊಗ್. ಅವರ ಇಲೋಕಾನೊ ನನಗೆ ಬಾರದು. ಯಾರದೋ ಹೆಸರು ಕರೆಯುತ್ತಿದ್ದಾರೆ ಎಂದುಕೊಂಡು, "ಬರ್ತಿದಾರೆ ಮನೋಂಗ್, ಬಂದೇ ಬಿಡ್ತಾರೆ," ಎಂದು ಹೇಳುತ್ತಲೇ ಇದ್ದೆ. ಆಂಬುಲೆನ್ಸ್ ಬರುವಷ್ಟರಲ್ಲಿ ಮುಗಿದಿತ್ತು.

ಸಂಜೆ ಅವರ ಊರಿನ ಕಡೆಯ ಹುಡುಗಿಯೊಬ್ಬಳನ್ನು ಕೇಳಿದೆ, ದನುಮ್ ಎಂದರೆ ಯಾರು ಎಂದು. ನೀರು ಎಂದಳು.

ತೋತೋ, ನಲ್ಲಿ ಅಲ್ಲೇ ಇತ್ತು.

ಒಂಬತ್ತು ದಿನವೂ ಪ್ರಾರ್ಥನೆ ಮಾಡಿದೆವು. ಗುರುಗಳು ಮೂರನೇ ದಿನ ಬಂದರು, ಉಳಿದ ದಿನ ನಾನೇ ಹೇಳಿಸಿದೆ. ಅವರ ಕಡೆಯವರು ಸತ್ತವರಿಗೆ ಎಡೆ ಇಡುತ್ತಾರೆ. ಅನ್ನ, ಮೊಟ್ಟೆ, ಒಂದು ಲೋಟ ಸಾರಾಯಿ. ಬಲಿಪೀಠದ ಪಕ್ಕ ಇಡಬಹುದೇ ಎಂದು ಅಂಜುತ್ತ ನನ್ನನ್ನು ಕೇಳಿದರು. ಇಡಿ ಎಂದೆ. ನಾನು ಒಂದು ಲೋಟ ನೀರನ್ನೂ ಇಟ್ಟೆ. ನಿಮ್ಮ ಪುಸ್ತಕದಲ್ಲಿ ಇದಕ್ಕೆ ಏನನ್ನುತ್ತಾರೋ ನನಗೆ ಬೇಡ.

ಈಗ ನಿನ್ನ ಕೆಲಸ. ಅವರನ್ನು ಇಲ್ಲಿಗೆ ಕಳಿಸಿದ ಏಜೆಂಟ್ ಊರಿಗೆ ಫೋನು ಮಾಡಿ, ಕುಡಿದು ಬಿದ್ದು ಸತ್ತ ಎಂದು ಹೇಳಿದ್ದಾನೆ. ಎರಡು ಪಾಳಿಯ ಮಾತು ಯಾರೂ ಎತ್ತಬಾರದು ಎಂದು. ಊರಲ್ಲಿ ಅದೇ ಹಬ್ಬಿ, ಒಂಬತ್ತು ದಿನದ ಪ್ರಾರ್ಥನೆಗೆ ನೆರೆಯವರು ಒಬ್ಬರೂ ಹೋಗಲಿಲ್ಲವಂತೆ. ಅವರ ಮಗಳು ಆ ಹುಡುಗಿಗೆ ಫೋನಿನಲ್ಲಿ ಅತ್ತು ಹೇಳಿದ್ದಾಳೆ. ಶವ ಅಕ್ಟೋಬರ್ ಮೊದಲ ವಾರ ತಲುಪುತ್ತದೆ. ನೀನು ಅವರ ಊರು ಬಾದೋಕ್‌ಗೆ ಹೋಗು. ಹಡಗು, ಆಮೇಲೆ ಇಡೀ ದಿನದ ಬಸ್ಸು, ಗೊತ್ತು. ಹೋಗಿ ಅವರ ಹೆಂಡತಿಗೆ ನಿಜ ಹೇಳು. ನಾನು ಕಣ್ಣಾರೆ ಕಂಡವಳು. ಬಿಳಿ ನಿಲುವಂಗಿ ಹಾಕಿದವನು ಹೇಳಿದರೆ ಊರು ನಂಬುತ್ತದೆ. ಅದಕ್ಕಾದರೂ ಅದು ಉಪಯೋಗಕ್ಕೆ ಬರಲಿ.

ಜಗಳದ ಸಂಗತಿ, ನೀರಿನ ಸಂಗತಿ ಹೇಳಬೇಡ. ಅವು ನನ್ನವು.

ಮಿನಿಯಾ


ಇಲೋಇಲೋ
೧೮ ಅಕ್ಟೋಬರ್ ೧೯೯೮

ಪ್ರೀತಿಯ ಮನಾಂಗ್,

ಹೋಗಿ ಬಂದೆ.

ಮೊನ್ಸಿನ್ಯೋರ್ ಬಳಿ ರಜೆ ಕೇಳಿದೆ. ಅಲ್ಲಿಗೆ ಅಲ್ಲಿಯದೇ ಗುರುಗಳಿದ್ದಾರೆ, ಅವರಿಗೆ ಒಂದು ಪತ್ರ ಬರೆದರೆ ಆಯಿತು ಎಂದರು. ಸರಿ ಎಂದು ಬಂದು ನನ್ನ ಮೇಜಿಗೆ ಕೂತೆ. ಪತ್ರದ ತಲೆಬರಹ ಬರೆದೆ, ದಿನಾಂಕ ಬರೆದೆ. ಅಷ್ಟಕ್ಕೇ ನಿಲ್ಲಿಸಿ ಎದ್ದು ಬಂದರಿಗೆ ಹೋದೆ. ಯಾರಿಗೂ ಹೇಳಲಿಲ್ಲ.

ಅವರ ಮನೆ ಬಾದೋಕ್‌ನಿಂದ ಮೂರು ಮೈಲಿ ಒಳಗೆ, ಬೆಳ್ಳುಳ್ಳಿ ಹೊಲಗಳ ನಡುವೆ. ನಾನು ಮುಟ್ಟಿದ ದಿನವೇ ಪೆಟ್ಟಿಗೆ ಬಂದಿತ್ತು. ಅಂಗಳದಲ್ಲಿ ಹೆಂಡತಿ, ಮಗಳು, ಇಬ್ಬರು ಮೈದುನರು, ಅಷ್ಟೇ. ಬೇಲಿಯಾಚೆ ಊರವರು ನಿಂತು ನೋಡುತ್ತಿದ್ದರು, ಒಳಗೆ ಬರುತ್ತಿರಲಿಲ್ಲ. ಹೆಂಡತಿಯ ಹೆಸರು ಯೂಫ್ರೊಸಿನಾ. ಸಣ್ಣ ಜೀವ, ಗಟ್ಟಿ ದನಿ. ನನ್ನ ನಿಲುವಂಗಿ ನೋಡಿ, ಪೂಜೆಗೆ ಕೊಡಲು ಏನೂ ಇಲ್ಲ ಎಂದಳು. ನಾನು ಪೂಜೆಗೆ ಬಂದವನಲ್ಲ, ನಿಮ್ಮ ಗಂಡನ ಜೊತೆ ಕೆಲಸ ಮಾಡುತ್ತಿದ್ದವಳ ತಮ್ಮ ಎಂದೆ.

ದಾರಿಯುದ್ದಕ್ಕೂ ಏನು ಹೇಳಬೇಕೆಂದು ಬರೆದುಕೊಂಡಿದ್ದೆ. ಸಾಂತ್ವನದ ಮಾತುಗಳು, ವಾಕ್ಯಗಳು. ಆ ಅಂಗಳದಲ್ಲಿ ನಿಂತಾಗ ಅವೆಲ್ಲ ಬೇರೆ ಯಾರಿಗೋ ಬರೆದ ಹಾಗಿದ್ದವು. ನಿನ್ನ ಪತ್ರ ಜೇಬಿನಲ್ಲಿತ್ತು. ಅದನ್ನೇ ತೆಗೆದು ಓದಿದೆ. ನಮ್ಮ ಭಾಷೆಯಿಂದ ನಾನು ತಗಾಲೊಗ್‌ಗೆ ಹೇಳಿದೆ, ಮಗಳು ಅದನ್ನು ಇಲೋಕಾನೊದಲ್ಲಿ ಗಟ್ಟಿಯಾಗಿ ಹೇಳಿದಳು. ಬೇಲಿಯಾಚೆಗೂ ಕೇಳುತ್ತಿತ್ತು.

ನೀನು ಹೇಳಬೇಡ ಎಂದದ್ದನ್ನೂ ಓದಿದೆ. ಸಿಟ್ಟು ಮಾಡಿಕೊ. ಬಿಟ್ಟು ಓದಲು ನೋಡಿದೆ, ಆದರೆ ಅವು ಇಲ್ಲದಿದ್ದರೆ ಯಾರೋ ಒಬ್ಬ ಒಳ್ಳೆಯ ಮನುಷ್ಯ ಸತ್ತ ಎಂದಷ್ಟೇ ಆಗುತ್ತಿತ್ತು. ಬೆಂಚಿನ ಜಗಳದ ಭಾಗ ಬಂದಾಗ ಯೂಫ್ರೊಸಿನಾ ಇದ್ದಕ್ಕಿದ್ದಂತೆ ನಕ್ಕಳು. ಹೆಣದ ಮುಂದೆ ನಕ್ಕದ್ದಕ್ಕೆ ಬಾಯಿ ಮುಚ್ಚಿಕೊಂಡಳು. "ಇವರೇ. ನಮ್ಮ ಮನೇಲೂ ಒಂದಕ್ಕೂ ಬೆನ್ನಿಲ್ಲ," ಎಂದಳು. ನಾನು ನೋಡಿದೆ, ಮನಾಂಗ್. ಮನೆಯೊಳಗೆ ಐದು ಬೆಂಚು, ಒಂದಕ್ಕೂ ಬೆನ್ನಿಲ್ಲ. ಬೇಲಿಯಾಚೆಯೂ ಒಬ್ಬಿಬ್ಬರು ನಕ್ಕರು. ಅವರಿಗೂ ಅವನು ಗೊತ್ತಿದ್ದವನೇ ಅಲ್ಲವೇ. ಏಜೆಂಟ್ ಹೇಳಿದ ಕುಡುಕ ಯಾರೋ, ನೀನು ಬೈದ ಮುದುಕ ಅವರವನು.

ನೀರಿನ ಭಾಗ ಓದುವಾಗ ಮಗಳು ತಡೆದು ತಡೆದು ಹೇಳಿದಳು. ದನುಮ್ ಎನ್ನುವ ಪದಕ್ಕೆ ಅನುವಾದ ಬೇಕಿರಲಿಲ್ಲ ಬಿಡು. ಯೂಫ್ರೊಸಿನಾ ನನ್ನನ್ನೇ ನೋಡಿ, "ನಿಮ್ಮಕ್ಕ ಏನಂದ್ರು ಆಗ, ಇನ್ನೊಂದ್ಸಲ ಓದಿ," ಎಂದಳು. ಓದಿದೆ. ಬರ್ತಿದಾರೆ ಮನೋಂಗ್, ಬಂದೇ ಬಿಡ್ತಾರೆ.

"ನನ್ನನ್ನೇ ಅಂತ ತಿಳ್ಕೊಂಡಿರ್ತಾರೆ," ಎಂದಳು. "ನಾನು ಬರ್ತಿದೀನಿ ಅಂತ ತಿಳ್ಕೊಂಡೇ ಹೋಗಿರ್ತಾರೆ. ಹೇಳಿ ಅವರಿಗೆ."

ಅದನ್ನು ನಿನಗೆ ಹೇಳುತ್ತಿದ್ದೇನೆ.

ಇನ್ನೊಂದನ್ನೂ ಹೇಳಲು ಹೇಳಿದಳು. ಅವನು ಮನೆಗೆ ಬರೆಯುತ್ತಿದ್ದ ಕಾಗದದಲ್ಲಿ ನೀನು ಇದ್ದೀಯಂತೆ. ಇಲ್ಲೊಬ್ಬಳು ಬಿಸಾಯಾ ದ್ವೀಪಗಳ ಕಡೆಯವಳು ಇದ್ದಾಳೆ, ಬಾಯಲ್ಲಿ ನಿನ್ನನ್ನೂ ಮೀರಿಸುತ್ತಾಳೆ, ಭಾನುವಾರ ಅವಳ ಹತ್ತಿರ ಜಗಳ ಆಡಿದರೆ ಆ ವಾರ ಬೇಗ ಹೋಗುತ್ತದೆ ಎಂದು ಬರೆದಿದ್ದನಂತೆ.

ಅಷ್ಟರಲ್ಲಿ ಬೇಲಿಯ ಬಾಗಿಲು ತೆರೆದು ಒಬ್ಬ ಮುದುಕ ಒಳಗೆ ಬಂದ. ಅವನ ಹಿಂದೆ ಇನ್ನೊಬ್ಬ. ಕತ್ತಲಾಗುವ ಮೊದಲು ಅಂಗಳ ತುಂಬಿ, ಅಕ್ಕಪಕ್ಕದ ಮನೆಗಳಿಂದ ಬೆಂಚು ತರಿಸಬೇಕಾಯಿತು. ಮರುದಿನ ಮಣ್ಣಿಗೆ ಇಡುವಾಗ ಇಡೀ ಊರು ಇತ್ತು. ನೀವು ತೈವಾನಿನ ಆ ಕೋಣೆಯ ಗುರುಗಳೋ ಎಂದು ಒಬ್ಬರು ನನ್ನನ್ನು ಕೇಳಿದರು. ಅಲ್ಲ, ಅಲ್ಲಿಯವಳು ನಮ್ಮಕ್ಕ ಎಂದೆ.

ಅಪ್ಪ, ನಮ್ಮ ತಾತಾಯ್, ತೀರಿಕೊಂಡ ವರ್ಷ ನೀನು ಮಠದಿಂದ ಟ್ರಂಕು ಹೊತ್ತುಕೊಂಡು ಮನೆಗೆ ಬಂದೆ. ನನಗೆ ಹನ್ನೆರಡು. ನೀನು ಮಾರನೇ ವಾರ ಮೀನು ಕಟ್ಟುವ ಕಾರ್ಖಾನೆಗೆ ಸೇರಿದೆ, ಅದರ ಮಾರನೇ ತಿಂಗಳು ನಾನು ಪಾದ್ರಿಯ ಓದಿಗೆ ಸೆಮಿನರಿಗೆ ಹೋದೆ. ಈ ಎರಡರ ನಡುವೆ ಒಂದು ವಾಕ್ಯವಿದೆ. ಅದನ್ನು ನಮ್ಮ ಮನೆಯಲ್ಲಿ ಇದುವರೆಗೆ ಯಾರೂ ಆಡಿಲ್ಲ. ಹಿಂದಿರುಗುವ ಬಸ್ಸಿನಲ್ಲಿ ಅದನ್ನು ಬರೆಯಲು ಎಷ್ಟೋ ಸಲ ನೋಡಿದೆ. ನನಗೆ ಬರುವ ಭಾಷೆಯಲ್ಲಿ ಅದು ಅರ್ಜಿಯ ಹಾಗೆ ಆಗುತ್ತದೆ.

ಯಾರ ಅಪ್ಪಣೆ ಪಡೆದು ಹೋದೆ ಎಂದು ಮೊನ್ಸಿನ್ಯೋರ್ ಕೇಳಿದರು. ನಮ್ಮಕ್ಕನದು ಎಂದೆ. ಹತ್ತು ವರ್ಷದ ಮದುವೆ ದಾಖಲೆಗಳನ್ನು ಹೊಸ ಪುಸ್ತಕಕ್ಕೆ ನಕಲು ಮಾಡುವ ಕೆಲಸ ಕೊಟ್ಟರು. ಮಾಡುತ್ತಿದ್ದೇನೆ.

ನಿನ್ನ
ತೋತೋ


ಚಾಂಗ್‌ಹ್ವಾ
೨೯ ನವೆಂಬರ್ ೧೯೯೮, ಭಾನುವಾರ

ತೋತೋ,

ಹೇಳಬೇಡ ಎಂದದ್ದನ್ನು ಹೇಳುವವನು ಪಾಪನಿವೇದನೆ ಕೇಳಲು ಹೇಗೆ ಕೂರುತ್ತೀಯೋ ದೇವರಿಗೇ ಗೊತ್ತು. ಪತ್ರ ಬಂದ ದಿನ ನಿನ್ನನ್ನು ಬಾಯಿತುಂಬ ಬೈದೆ. ಎರಡನೇ ದಿನವೂ ಬೈದೆ. ಮೂರನೇ ದಿನ ಇನ್ನೊಮ್ಮೆ ಓದಿದೆ. ಆಮೇಲೆ ಬೈದಿಲ್ಲ.

ಆ ವಾಕ್ಯದ ವಿಷಯ. ಬರೆಯಬೇಡ. ನನ್ನನ್ನು ಯಾರೂ ಮಠದಿಂದ ಎಳೆದು ತರಲಿಲ್ಲ, ನಾನೇ ಬಂದೆ. ಆಮೇಲೆ ಸಂಕಟವಾಯಿತು, ಸುಳ್ಳು ಹೇಳುವುದಿಲ್ಲ. ಬಹಳ ವರ್ಷ ಆಯಿತು. ಈ ವರ್ಷ ಕಡಿಮೆ.

ಕರಾರು ಮುಗಿಯಿತು, ಮತ್ತೆ ಸಹಿ ಹಾಕಲಿಲ್ಲ. ಡಿಸೆಂಬರ್ ಹನ್ನೆರಡನೇ ತಾರೀಕು ಹೊರಡುತ್ತೇನೆ. ಇವತ್ತು ಕೋಣೆಯ ಬೀಗದ ಕೈ ಯಾರಿಗೆ ಎಂದು ಸಭೆ. ನಿನಗೆ ಊಹೆ ಇರಬಹುದು, ಮಧ್ಯಾಹ್ನ ಶುರುವಾದದ್ದು ಸಂಜೆಗೆ ಮುಗಿಯಿತು. ಕೊನೆಗೆ ಬಿಕೋಲ್‌ನ ಕಾಂದಿದಾ ಎನ್ನುವ ಹುಡುಗಿ ಗೆದ್ದಳು. ಇಪ್ಪತ್ತಾರು ವರ್ಷ, ನೂಲಿನ ವಿಭಾಗ, ಯಾರ ಮಾತೂ ಕೇಳದವಳು. ಕೈಗೆ ಬೀಗದ ಕೈ ಬಿದ್ದ ಗಳಿಗೆಗೇ, ಬರುವ ಭಾನುವಾರದೊಳಗೆ ಬೆಂಚುಗಳಿಗೆಲ್ಲ ಬೆನ್ನು ಹಾಕಿಸುತ್ತೇನೆ ಎಂದಳು. ಬೇಡ ಎಂದು ಎದ್ದು ನಿಂತವಳು ಯಾರು ಗೊತ್ತೇ, ನಾನು. ಅವು ಹೇಗಿವೆಯೋ ಹಾಗೇ ಇರಲಿ, ಮುಟ್ಟಬೇಡ ಎಂದೆ. ಅವಳು ಸೊಂಟದ ಮೇಲೆ ಕೈ ಇಟ್ಟು, "ಮನಾಂಗ್, ನೀವು ಹೋಗೋರು. ಕೂರೋರು ನಾವು," ಎಂದಳು. ನನಗೆ ಬಂದ ಸಿಟ್ಟಿಗೆ ಕಿವಿ ಬಿಸಿಯಾಯಿತು. ಮೂರು ಗೋಡೆಯ ಕನ್ನಡಿಯಲ್ಲೂ ಸಿಡುಕು ಮೋರೆಯ ಮುದುಕಿಯೊಬ್ಬಳು ಬಾಯಿ ತೆರೆದು ನಿಂತಿದ್ದಳು. ಹಾಕಿಸಿಕೊಳ್ಳಿ ಎಂದು ಹೇಳಿ ಕೂತೆ.

ಗುರುಗಳು ಈಗ ಎರಡು ವಾರಕ್ಕೊಮ್ಮೆ ಬರುತ್ತಾರೆ. ಲಿನ್ ಮುದುಕಿ ಮೂರು ಸಲ ಬಾಗಿಲಲ್ಲಿ ನಿಂತು ಹಾಡು ಕೇಳಿದಳು. ನಾಲ್ಕನೇ ಸಲ ಬಂದು, ಶ್ರುತಿ ಸರಿಯಿಲ್ಲ ಎಂದು ಹೋದಳು. ಅಪ್ಪಣೆ ಪತ್ರ ಇವತ್ತಿಗೂ ಬಂದಿಲ್ಲ, ಯಾರೂ ಕೇಳಿಯೂ ಇಲ್ಲ.

ನಾನು ಮನಿಲಾದಲ್ಲಿ ಇಳಿದು ನೇರ ಮನೆಗೆ ಬರುವುದಿಲ್ಲ. ನಾನಾಯ್‌ಗೆ ನೀನೇ ಹೇಳು, ನಾಲ್ಕು ದಿನ ತಡವಾಗುತ್ತದೆ ಎಂದು. ಮೊದಲು ಬಾದೋಕ್‌ಗೆ ಹೋಗುತ್ತೇನೆ. ಯೂಫ್ರೊಸಿನಾ ನನ್ನನ್ನು ಕ್ಷಮಿಸಿರಬಹುದು, ಆದರೆ ನಾನಿನ್ನೂ ಕೇಳಿಲ್ಲ. ಕೇಳದೆ ಸಿಕ್ಕ ಕ್ಷಮೆ ನನ್ನನ್ನು ಕೂತಲ್ಲಿ ಕೂರಲು ಬಿಡುವುದಿಲ್ಲ.

ದಾರಿ ನಿನಗೆ ಗೊತ್ತಿದೆ. ಹನ್ನೆರಡನೇ ತಾರೀಕು ಮಧ್ಯಾಹ್ನ ಮನಿಲಾ ವಿಮಾನ ನಿಲ್ದಾಣಕ್ಕೆ ಬಾ, ಜೊತೆಗೇ ಹೋಗೋಣ. ಅಷ್ಟು ದೂರದ ಬಸ್ಸಿನಲ್ಲಿ ಒಬ್ಬಳೇ ಕೂರಲು ನನಗೆ ಧೈರ್ಯ ಸಾಲದು. ಇದನ್ನು ಯಾರ ಮುಂದೆಯೂ ಓದಬೇಡ.

ಮೊನ್ಸಿನ್ಯೋರ್ ಅವರನ್ನು ಕೇಳಿ ಬರುತ್ತೀಯೋ, ಕೇಳದೆ ಬರುತ್ತೀಯೋ ನೋಡಿಕೊ. ನಿಲುವಂಗಿ ಬಿಟ್ಟು ಅಂಗಿ ಹಾಕಿಕೊಂಡು ಬಾ. ಜನರ ನಡುವೆ ನನಗೆ ತಮ್ಮನ ಗುರುತು ಸಿಗಬೇಕು.

ನಿನ್ನ ಮನಾಂಗ್,
ಮಿನಿಯಾ